ಆಸನ ಒಂದು, ಪ್ರಯಾಣಿಕರು ಇಬ್ಬರು

ವಿದೇಶ ಪ್ರವಾಸವೆಂಬುದು ಹಿಂದಿನಂತೆ ಕೆಲವೇ ಶ್ರೀಮಂತರ ಸೊತ್ತಾಗಿ ಈಗ ಉಳಿದಿಲ್ಲ. ಮಗನ ಮನೆಗೆಂದು ಅಮೆರಿಕಕ್ಕೆ, ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿಬಂದವರು ಮಹಾನಗರಗಳ ಕನ್ನಡ ಬಂಧುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಬ್ಬ ಪ್ರಯಾಣಿಕನಿಗೆ ಒಂದು ಪಾಸ್‌ಪೋರ್ಟು, ಒಂದು ಟಿಕೆಟ್ಟು, ಒಂದು ಆಸನ. ಈ ಲೆಕ್ಕದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲವೆಂದು ತೋರುತ್ತದೆ. ಆದರೆ ಎರಡು ಜೀವಗಳು ಒಡಲು ಕೂಡಿಕೊಂಡೇ ಹುಟ್ಟಿದಾಗ ಈ ಸರಳ ಲೆಕ್ಕವೂ ಹೊಸದಾಗಿ ವಿಚಾರಿಸಬೇಕಾದ ಪ್ರಶ್ನೆಯಾಗುತ್ತದೆ.

ಅಮೆರಿಕದ ಮಿನ್ನೆಸೋಟ ರಾಜ್ಯದ ಆ್ಯಬಿ ಮತ್ತು ಬ್ರಿಟನಿ ಹೆನ್ಸೆಲ್ ಸೋದರಿಯರು ಇಂತಹ ಅವಳಿಗಳು. 1990ರ ಮಾರ್ಚ್ 7ರಂದು ಜನಿಸಿದ ಇವರು 2012ರಲ್ಲಿ ಬೆಥೆಲ್ ವಿಶ್ವವಿದ್ಯಾಲಯದಿಂದ ಪದವೀಧರರಾದರು. ವಿದ್ಯಾಭ್ಯಾಸ ಮುಗಿದ ಸಂತೋಷದಲ್ಲಿ ತರುಣ ತರುಣಿಯರು ಊರು ಸುತ್ತಲು ಹೊರಡುವಂತೆ ಇವರೂ ಸ್ನೇಹಿತರ ಗುಂಪಿನೊಡನೆ ಯೂರೋಪಿಗೆ ಹೊರಟರು. ಇವರ ಆ ದಿನಗಳ ಬದುಕು ಅದೇ ವರ್ಷ ಟೆಲಿವಿಷನ್ನಿನಲ್ಲಿ ಸರಣಿಯಾಗಿ ಪ್ರಸಾರಗೊಂಡು ಅನೇಕ ದೇಶಗಳ ಜನರ ಗಮನವನ್ನು ಸೆಳೆಯಿತು.

ಕೂಡಿ ಹುಟ್ಟುವುದು ಹೇಗೆ?

ತದ್ರೂಪಿ ಅವಳಿಗಳು ಒಂದೇ ಭ್ರೂಣಾಂಡವು ಇಬ್ಭಾಗವಾಗುವುದರಿಂದ ಉಂಟಾಗುತ್ತವೆ. ಈ ವಿಭಜನೆಯು ಸಾಮಾನ್ಯವಾಗಿ ಗರ್ಭಾಂಕುರವಾದ ಮೊದಲ ಕೆಲವು ದಿನಗಳಲ್ಲಿಯೇ ನಡೆದುಹೋಗುತ್ತದೆ. ಸುಮಾರು 13 ದಿನಗಳು ಕಳೆದ ಬಳಿಕ ವಿಭಜನೆ ಆರಂಭವಾದರೆ ಅದು ಪೂರ್ಣಗೊಳ್ಳದೆ ಎರಡು ಶಿಶುಗಳು ಎದೆ, ಹೊಟ್ಟೆ, ಸೊಂಟ ಅಥವಾ ತಲೆಯ ಭಾಗದಲ್ಲಿ ಕೂಡಿಕೊಂಡೇ ಬೆಳೆಯುತ್ತವೆಂಬುದು ಬಹುಕಾಲದಿಂದ ಬಂದ ವಿವರಣೆ. ಬೇರ್ಪಟ್ಟ ಎರಡು ಭ್ರೂಣಗಳು ಮರಳಿ ಕೂಡಿಕೊಳ್ಳುವುದರಿಂದ ಹೀಗಾಗುವುದೆಂದು ಅಭಿಪ್ರಾಯಪಡುವ ವಿಜ್ಞಾನಿಗಳೂ ಇದ್ದಾರೆ. ಇಂತಹ ಜನನಗಳು ಅತಿ ವಿರಳ. ಇವುಗಳಲ್ಲಿ ಅನೇಕ ಶಿಶುಗಳು ಗರ್ಭದಲ್ಲಿಯೇ ಅಥವಾ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅಸುನೀಗುತ್ತವೆ. ಬದುಕಿ ಉಳಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ತಾಯಿಯ ನಡತೆಗಾಗಲಿ, ಗ್ರಹಣಕ್ಕಾಗಲಿ, ಗರ್ಭಿಣಿಯು ಕಂಡ ದೃಶ್ಯಗಳಿಗಾಗಲಿ ಇದರೊಡನೆ ಯಾವ ಸಂಬಂಧವೂ ಇಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಹೆನ್ಸೆಲ್ ಸೋದರಿಯರಿಗೆ ತಲೆ ಎರಡು, ಹೃದಯ ಎರಡು, ಜಠರ ಎರಡು, ಬೆನ್ನುಹುರಿಯೂ ಎರಡು. ಸೊಂಟದಿಂದ ಕೆಳಗಿನ ಅಂಗಗಳು ಇಬ್ಬರಿಗೂ ಸಮಾನ. ಬಲಗೈ ಬಲಗಾಲುಗಳು ಆ್ಯಬಿಯ ಅಧೀನ, ಎಡಗೈ ಎಡಗಾಲುಗಳು ಬ್ರಿಟನಿಯ ಅಧೀನ. ಒಬ್ಬಳ ಪಾರ್ಶ್ವವನ್ನು ಮುಟ್ಟಿದರೆ ಅದರ ಅರಿವು ಮತ್ತೊಬ್ಬಳಿಗಾಗದು. ಶಸ್ತ್ರಕ್ರಿಯೆಯಿಂದ ಬೇರ್ಪಡಿಸಿದರೆ ಇಬ್ಬರೂ ಉಳಿಯುವ ಸಂಭವ ತೀರ ಕಡಿಮೆಯೆಂದು ತಿಳಿದ ತಂದೆತಾಯಿಗಳು ಆ ಯೋಚನೆಯನ್ನು ಕೈಬಿಟ್ಟರು. ಹೀಗಿದ್ದೂ ನಡೆಯುವುದು, ಈಜುವುದು, ಸೈಕಲ್ ತುಳಿಯುವುದು, ಎಲ್ಲವನ್ನೂ ಈ ಮಕ್ಕಳು ಕಲಿತರು. ಮೋಟಾರು ನಡೆಸುವ ಪರವಾನಗಿಗಾಗಿ ಇಬ್ಬರೂ ಪ್ರತ್ಯೇಕವಾಗಿ ಪರೀಕ್ಷೆಗೆ ಕುಳಿತು ಪ್ರತ್ಯೇಕವಾಗಿಯೇ ತೇರ್ಗಡೆಯಾದರು.

ಎರಡು ಪಾಸ್‌ಪೋರ್ಟು, ಒಂದು ಟಿಕೆಟ್ಟು

ವಿದೇಶಕ್ಕೆ ಹೊರಟಾಗ ಇವರ ಬಳಿ ಪಾಸ್‌ಪೋರ್ಟುಗಳು ಎರಡು, ವಿಮಾನದ ಟಿಕೆಟ್ಟು ಒಂದು. ಮೇಲುನೋಟಕ್ಕೆ ಇದು ವಿರೋಧಾಭಾಸವೆಂದು ತೋರಬಹುದು. ವಿಚಾರಿಸಿ ನೋಡಿದರೆ ಎರಡೂ ಸರಿಯೇ. ಪಾಸ್‌ಪೋರ್ಟು ಹೆಸರು, ಮುಖ ಮತ್ತು ಪೌರತ್ವಗಳಿಗೆ ಸಾಕ್ಷಿ. ಅದು ವ್ಯಕ್ತಿಗೆ ಸೇರಿದ್ದು, ಆದುದರಿಂದ ಎರಡು ಬೇಕು. ಟಿಕೆಟ್ಟಾದರೋ ವಿಮಾನದಲ್ಲಿ ಒಂದು ಆಸನವನ್ನು ಬಳಸಿಕೊಳ್ಳುವುದಕ್ಕೆ ತೆತ್ತ ಬಾಡಿಗೆ. ಆಸನ ಒಂದೇ ಆದ ಮೇಲೆ ಬಾಡಿಗೆಯೂ ಒಂದೇ. ಸೊಂಟದ ಪಟ್ಟಿ ಒಂದಿದ್ದರೆ ಸಾಕು. ಆದರೆ ಉಸಿರಾಡುವ ಮುಖಗಳು ಎರಡಾದುದರಿಂದ ಆಪತ್ಕಾಲದಲ್ಲಿ ಆಮ್ಲಜನಕದ ಮುಖವಾಡಗಳು ಎರಡು ಬೇಕು. ಮಡಿಲಲ್ಲಿ ಕೂರುವ ಕೂಸುಗಳ ಸಲುವಾಗಿ ಹೆಚ್ಚಿನ ವಿಮಾನಗಳಲ್ಲಿ ಆಸನಗಳ ಸಂಖ್ಯೆಗಿಂತ ಅಧಿಕ ಮುಖವಾಡಗಳನ್ನು ಇಟ್ಟಿರುತ್ತಾರೆಂಬುದು ಇಲ್ಲಿ ಉಪಯೋಗಕ್ಕೆ ಬರುವ ಸಂಗತಿ.

ಮುಂದೆ ಶಾಲಾ ಶಿಕ್ಷಕಿಯರಾದಾಗಲೂ ಇಂತಹುದೇ ಪ್ರಶ್ನೆ ಎದುರಾಯಿತು. ಒಬ್ಬರ ಹುದ್ದೆಯ ಕೆಲಸಕ್ಕೆ ಒಂದೇ ಸಂಬಳವೆಂಬುದನ್ನು ಸೋದರಿಯರು ಒಪ್ಪಿಕೊಂಡರು. ಆದರೆ ತಮ್ಮ ಪದವಿಗಳು ಎರಡು, ಒಬ್ಬಳು ಪಾಠ ಹೇಳುವಾಗ ಇನ್ನೊಬ್ಬಳು ಮಕ್ಕಳ ಸಂದೇಹಗಳನ್ನು ಪರಿಹರಿಸಬಲ್ಲಳು ಎಂಬುದನ್ನೂ ಅವರು ನೆನಪಿಸದೆ ಬಿಡಲಿಲ್ಲ. ಜಂಟಿ ಖಾತೆಯಲ್ಲಿ ಹಣ ಒಂದೇ ಆದರೂ ಖಾತೆದಾರರು ಇಬ್ಬರೆಂಬುದನ್ನು ಬ್ಯಾಂಕಿನ ವ್ಯವಹಾರ ಬಲ್ಲವರು ಚೆನ್ನಾಗಿ ಅರಿತಿರುತ್ತಾರೆ. ಈ ಬದುಕಿನ ಲೆಕ್ಕವೂ ಹೆಚ್ಚುಕಡಿಮೆ ಅಂತಹುದೇ.

ಅಂದಿನ ಪ್ರಯಾಣ

ಕೂಡಿದ ಅವಳಿಗಳ ವಿದೇಶಯಾನ ಮೊದಲಿನಿಂದಲೂ ಇಷ್ಟು ಗೌರವದ್ದಾಗಿರಲಿಲ್ಲ. ‘ಸಯಾಮಿ ಅವಳಿಗಳು’ ಎಂಬ ಹೆಸರಿಗೆ ಕಾರಣರಾದ ಚಾಂಗ್ ಮತ್ತು ಎಂಗ್ ಸೋದರರು 1811ರಲ್ಲಿ ಇಂದಿನ ಥಾಯ್ಲೆಂಡಿನಲ್ಲಿ ಜನಿಸಿದರು. ಎದೆಯ ಕೆಳಭಾಗದಲ್ಲಿ ಒಂದು ಮಾಂಸದ ಪಟ್ಟಿ ಇವರನ್ನು ಕೂಡಿಸಿತ್ತು. 1829ರಲ್ಲಿ ಸ್ಕಾಟ್ಲೆಂಡ್ ಮೂಲದ ವರ್ತಕನೊಬ್ಬನೂ ಅಮೆರಿಕದ ಹಡಗಿನ ಕಪ್ತಾನನೊಬ್ಬನೂ ಸೇರಿ ಇವರನ್ನು ಒಪ್ಪಂದದ ಮೇಲೆ ಬಾಸ್ಟನ್ನಿಗೆ ಕರೆದೊಯ್ದು, ಹಣ ತೆತ್ತು ಬಂದವರಿಗೆ ತೋರಿಸತೊಡಗಿದರು. ಇಂಗ್ಲೆಂಡಿಗೆ ಸಾಗುವಾಗ ಕಪ್ತಾನನಿಗೆ ಉತ್ತಮ ದರ್ಜೆಯ ಕೋಣೆ, ಯಾರಿಂದ ಹಣ ಬರುತ್ತಿತ್ತೋ ಆ ಸೋದರರಿಗೆ ಹಡಗಿನ ಅತಿ ಕೆಳದರ್ಜೆ! 1831ರಲ್ಲಿ ಫ್ರಾನ್ಸ್ ದೇಶವು, ಇವರನ್ನು ಕಂಡ ಗರ್ಭಿಣಿಯರಿಗೆ ಕೇಡಾದೀತೆಂಬ ಭೀತಿಯಿಂದ, ಪ್ರವೇಶವನ್ನೇ ನಿರಾಕರಿಸಿತು. 1832ರಲ್ಲಿ 21 ವರ್ಷ ತುಂಬಿದೊಡನೆ ಸೋದರರು ಕಪ್ತಾನನ ಹಂಗನ್ನು ಹರಿದುಕೊಂಡು ತಮ್ಮ ವ್ಯವಹಾರವನ್ನು ತಾವೇ ನೋಡಿಕೊಂಡರು. ಮುಂದೆ ಉತ್ತರ ಕೆರೋಲಿನಾದಲ್ಲಿ ಜಮೀನು ಕೊಂಡು, ಅಮೆರಿಕದ ಪ್ರಜೆಗಳಾಗಿ, 1843ರಲ್ಲಿ ಇಬ್ಬರು ಅಕ್ಕತಂಗಿಯರನ್ನು ವಿವಾಹವಾಗಿ ಸಂಸಾರಸ್ಥರಾದರು. 1874ರ ಜನವರಿಯಲ್ಲಿ ಕೆಲವೇ ಗಂಟೆಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು.

ಸ್ನೇಹವೆಂಬ ಕಾವಲು

ಚಾಂಗ್ ಮತ್ತು ಎಂಗ್ ಸಮುದ್ರ ದಾಟಿದ್ದು ಲೋಕವು ತಮ್ಮನ್ನು ನೋಡಲೆಂದು. ಹೆನ್ಸೆಲ್ ಸೋದರಿಯರು ದಾಟಿದ್ದು ತಾವು ಲೋಕವನ್ನು ನೋಡಲೆಂದು. ಎರಡು ಪ್ರಯಾಣಗಳ ನಡುವಣ ಮುಖ್ಯ ವ್ಯತ್ಯಾಸ ಇದೇ. ಹಾಗೆಂದು ಜನರ ಕುತೂಹಲ ಇಂದು ಅಳಿದುಹೋಗಿದೆಯೆಂದು ಭಾವಿಸಲಾಗದು. ಪರಸ್ಥಳಗಳಲ್ಲಿ ಅಪರಿಚಿತರು ಎವೆಯಿಕ್ಕದೆ ದಿಟ್ಟಿಸುತ್ತಾರೆ. ಕೇಳದೆಯೇ ಫೋಟೋ ತೆಗೆಯುತ್ತಾರೆ. ಈ ಸೋದರಿಯರಿಗೆ ಬಹಳ ಬೇಸರ ತರುವ ಸಂಗತಿ ಇದೇ.

ಇಂತಹ ಸಮಯದಲ್ಲಿ ಜೊತೆಗಿರುವ ಸ್ನೇಹಿತರ ಬೆಲೆ ತಿಳಿಯುತ್ತದೆ. ಈ ಸೋದರಿಯರ ಗೆಳತಿಯರು ಸಾರ್ವಜನಿಕ ಸ್ಥಳಗಳಲ್ಲಿ ಅವರನ್ನು ಕುರಿತು ವಿಶೇಷ ಎಚ್ಚರ ವಹಿಸುತ್ತಾರೆ. ಆದರೆ ಕಾವಲಿಗಿಂತಲೂ ಮಿಗಿಲಾದ ಇನ್ನೊಂದು ಉಪಕಾರವನ್ನು ಗೆಳೆತನ ಮಾಡುತ್ತದೆ. ಅದು ಇಬ್ಬರನ್ನೂ ಇಬ್ಬರನ್ನಾಗಿಯೇ ಕಾಣುತ್ತದೆ. ಬ್ರಿಟನಿಗೆ ಎತ್ತರದ ಸ್ಥಳಗಳೆಂದರೆ ಭಯ, ಆ್ಯಬಿಗೆ ಆ ಭಯವಿಲ್ಲ. ಗೋಪುರವೊಂದರ ಬುಡದಲ್ಲಿ ನಿಂತಾಗ ಇಬ್ಬರ ಅಭಿಪ್ರಾಯವನ್ನೂ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಹೀಗೆ ಕೇಳಬೇಕೆಂಬುದು ದಾರಿಹೋಕನಿಗೆ ಹೊಳೆಯದು, ಗೆಳತಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ದೇಶದಲ್ಲಿ

ಭಾರತದಲ್ಲಿಯೂ ಇಂತಹ ಜೀವಗಳಿಗೆ ಹೊಸ ದಾರಿಗಳು ತೆರೆದಿವೆ. 2007ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಸ್ಪರ್ಶ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲರ ನೇತೃತ್ವದ ವೈದ್ಯರ ತಂಡವು, ಅಪೂರ್ಣ ಅವಳಿಯ ಅಂಗಗಳನ್ನು ಹೊತ್ತು ಹುಟ್ಟಿದ್ದ ಬಿಹಾರದ ಎರಡು ವರ್ಷದ ಬಾಲೆಗೆ ಒಂದು ಹಗಲಿರುಳನ್ನೂ ಮೀರಿ ಶಸ್ತ್ರಕ್ರಿಯೆ ನಡೆಸಿ ಬಿಡುಗಡೆ ನೀಡಿತು. 2017ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ತಲೆ ಕೂಡಿದ್ದ ಒಡಿಶಾದ ಇಬ್ಬರು ಬಾಲಕರನ್ನು ಬೇರ್ಪಡಿಸಲಾಯಿತು.

ಬೇರ್ಪಡಿಸಲಾಗದವರಿಗೆ ಬೇಕಾದುದು ಶಸ್ತ್ರವಲ್ಲ, ಸಮಾಜದ ತಿಳಿವಳಿಕೆ. ಅಮೃತಸರದಲ್ಲಿ ಬೆಳೆದ ಸೋಹ್ನಾ ಮತ್ತು ಮೋಹ್ನಾ ಎಂಬ ಕೂಡಿದ ಸೋದರರು 2022ರ ಪಂಜಾಬ್ ವಿಧಾನಸಭಾ ಚುನಾವಣೆಯಲ್ಲಿ ಇಬ್ಬರು ಮತದಾರರಾಗಿಯೇ ಮತ ನೀಡಿದರು. ಒಬ್ಬನ ಮತ ಮತ್ತೊಬ್ಬನಿಗೆ ಕಾಣಬಾರದೆಂದು ಚುನಾವಣಾ ಅಧಿಕಾರಿಗಳು ಅವರಿಗೆ ವಿಶೇಷ ಕನ್ನಡಕಗಳನ್ನು ಒದಗಿಸಿದರು. ದೇಹ ಎಷ್ಟೇ ಸಮೀಪವಿದ್ದರೂ ಮನಸ್ಸಿಗೆ ತನ್ನದೇ ಆದ ಗುಟ್ಟಿನ ಹಕ್ಕುಂಟೆಂದು ಸರ್ಕಾರವೇ ಮನ್ನಿಸಿದ ಹಾಗಾಯಿತು.

ಮುಂಬಯಿಯ ಲೋಕಲ್ ಗಾಡಿಯಲ್ಲಿಯೋ ವಿಮಾನ ನಿಲ್ದಾಣದ ಸಾಲಿನಲ್ಲಿಯೋ ನಮಗಿಂತ ಭಿನ್ನವಾದ ದೇಹವುಳ್ಳವರು ಎದುರಾಗುವುದುಂಟು. ಆಗ ನಾವು ಮಾಡಬಹುದಾದ ಉಪಕಾರ ದೊಡ್ಡದೇನೂ ಅಲ್ಲ. ದಿಟ್ಟಿಸದಿರುವುದು, ಅನುಮತಿಯಿಲ್ಲದೆ ಚಿತ್ರ ತೆಗೆಯದಿರುವುದು, ಮಾತನಾಡಿಸುವ ಪ್ರಸಂಗ ಬಂದರೆ ಸಹಪ್ರಯಾಣಿಕರನ್ನು ಮಾತನಾಡಿಸುವಂತೆಯೇ ಮಾತನಾಡಿಸುವುದು, ಇಷ್ಟೇ. ನಮ್ಮ ಮಕ್ಕಳಿಗೂ ಇದನ್ನು ಮನೆಯಲ್ಲಿಯೇ ಕಲಿಸಿದರೆ, ಅವರ ದಾರಿಯೂ ನಮ್ಮ ದಾರಿಯಷ್ಟೇ ಸುಗಮವಾದೀತು.