ವಿದ್ಯುತ್ ಕಾರನ್ನು ಆರಿಸುವ ಮುನ್ನ

ಮುಂಬಯಿಯಲ್ಲಿ ಸಂಸಾರ ಹೂಡಿರುವ ಕನ್ನಡಿಗರಲ್ಲಿ ಬಹುಮಂದಿಗೆ ಕಾರು ನಿತ್ಯದ ವಾಹನವಲ್ಲ. ಕಚೇರಿಗೆ ಹೋಗಲು ಲೋಕಲ್ ರೈಲು ಇದೆ, ಪೇಟೆಗೆ ರಿಕ್ಷಾ ಇದೆ. ಕಾರು ಬೇಕಾಗುವುದು ಭಾನುವಾರದ ಓಡಾಟಕ್ಕೆ, ವೃದ್ಧರಾದ ತಂದೆತಾಯಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ, ವರ್ಷಕ್ಕೆ ಒಂದೆರಡು ಬಾರಿ ಊರಿಗೆ ಹೋಗಿಬರುವುದಕ್ಕೆ. ಈ ಸಂಸಾರಗಳಲ್ಲಿಯೂ ಈಗ ವಿದ್ಯುತ್ತಿನಿಂದ ಓಡುವ ಚಿಕ್ಕ ಎಸ್.ಯು.ವಿ.ಗಳ ಮಾತು ಕೇಳಿಬರುತ್ತಿದೆ. ಅಂಗಡಿಗೆ ಹೋದವರ ಮುಂದೆ ಮಾರಾಟಗಾರನು ಮೊದಲು ಇಡುವುದು, ಒಮ್ಮೆ ಚಾರ್ಜು ಮಾಡಿದರೆ ಕಾರು ಇಷ್ಟು ಕಿಲೋಮೀಟರು ಓಡುವುದೆಂಬ ದೊಡ್ಡ ಅಂಕಿಯನ್ನು. ಆದರೆ ಆಯ್ಕೆಯನ್ನು ಆ ಅಂಕಿಯಿಂದ ಆರಂಭಿಸುವುದು ಸರಿಯಲ್ಲ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ವಿದ್ಯುತ್ತು ಬರುತ್ತದೆಯೇ ಎಂಬ ಪ್ರಶ್ನೆಯಿಂದ ಆರಂಭಿಸಬೇಕು.

ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವ್ಯಾಟ್-ಗಂಟೆಗಳಲ್ಲಿ ಹೇಳುತ್ತಾರೆ. ಹೆಸರು ಕೇಳಿ ಹೆದರಬೇಕಾದುದಿಲ್ಲ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ ಅದೇ. 45 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಎಂದರೆ 45 ಯೂನಿಟ್ ಹಿಡಿಸುವ ಪಾತ್ರೆ. ಈ ವರ್ಗದ ಕಾರು ಊರೊಳಗಿನ ನಿಧಾನದ ಓಟದಲ್ಲಿ ಒಂದು ಯೂನಿಟ್ಟಿಗೆ ಏಳೆಂಟು ಕಿ.ಮೀ. ಹೋಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 90-100 ಕಿ.ಮೀ. ವೇಗ ಹಿಡಿದರೆ ಗಾಳಿಯ ತಡೆ ಹೆಚ್ಚಿ, ಅದು ಆರಕ್ಕೆ ಇಳಿಯುತ್ತದೆ. ಪೆಟ್ರೋಲ್ ಕಾರಿಗೆ ಊರೊಳಗೆ ಖರ್ಚು ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. ವಿದ್ಯುತ್ ಕಾರಿನ ಸ್ವಭಾವ ಇದಕ್ಕೆ ತಿರುವುಮುರುವು. ಪ್ರಮಾಣಪತ್ರದ ಅಂಕಿ ಪ್ರಯೋಗಶಾಲೆಯ ನಿಯಮಿತ ವೇಗದ ಪರೀಕ್ಷೆಯಿಂದ ಬಂದದ್ದಾದುದರಿಂದ, ಅದರ ಮೂರರಲ್ಲಿ ಎರಡು ಪಾಲು, ಹೆಚ್ಚೆಂದರೆ ನಾಲ್ಕರಲ್ಲಿ ಮೂರು ಪಾಲು ಮಾತ್ರ ಕೈಗೆ ಸಿಕ್ಕುವುದೆಂದು ಲೆಕ್ಕ ಹಾಕುವುದು ಕ್ಷೇಮ. 45 ಯೂನಿಟ್ಟಿನ ಟಾಟಾ ನೆಕ್ಸಾನ್ ಕಾರಿನ ಪ್ರಮಾಣಿತ ಅಂಕಿ 489 ಕಿ.ಮೀ. ಆಗಿದ್ದರೂ, ನಿಜವಾದ ಬಳಕೆಯಲ್ಲಿ 350ರಿಂದ 370 ಕಿ.ಮೀ. ನಿರೀಕ್ಷಿಸಬಹುದೆಂದು ತಯಾರಕರೇ ಪ್ರಕಟಿಸಿದ್ದಾರೆ.

ಇನ್ನು ಚಾರ್ಜು ಮಾಡುವ ವಿಷಯ. ಹವಾನಿಯಂತ್ರಣ ಯಂತ್ರಕ್ಕೆ ಬಳಸುವಂಥ 15 ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಒಳಹೋಗುತ್ತದೆ. 45 ಯೂನಿಟ್ ತುಂಬಲು ಹದಿನೈದು ಗಂಟೆ ಬೇಕು. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನ ಚಾರ್ಜರಿನಿಂದಾದರೆ ಆರೂವರೆ-ಏಳು ಗಂಟೆ. ಹೆದ್ದಾರಿಯ ವೇಗದ ಚಾರ್ಜರುಗಳು ಶೇಕಡ 10ರಿಂದ 80ರವರೆಗೆ ತುಂಬಲು ಕಾರನ್ನು ಅವಲಂಬಿಸಿ 40 ನಿಮಿಷದಿಂದ ಒಂದು ಗಂಟೆ ತೆಗೆದುಕೊಳ್ಳುತ್ತವೆ. 80ರ ಮೇಲೆ ಬ್ಯಾಟರಿ ತಾನೇ ವೇಗವನ್ನು ತಗ್ಗಿಸಿಕೊಳ್ಳುವುದರಿಂದ ಅಲ್ಲಿ ಕಾದು ಕೂರುವುದು ವ್ಯರ್ಥ. ವಾರಕ್ಕೆರಡು ದಿನ ಓಡುವ ಕಾರಿಗೆ 15 ಆಂಪಿಯರಿನ ಪ್ಲಗ್ಗೇ ಸಾಕು ಎಂಬುದನ್ನು ಯಾವ ಅಂಗಡಿಯವನೂ ತಾನಾಗಿ ಹೇಳಲಾರನು.

ಆದರೆ ಆ ಪ್ಲಗ್ಗು ಕಟ್ಟಡದ ಕೆಳಗೆ ಬರುವುದು ಸುಲಭವಲ್ಲ. ಡೊಂಬಿವಲಿ, ಠಾಣೆ, ಮುಲುಂಡ್‌ಗಳಂಥ ಕಡೆ ಹಳೆಯ ಸೊಸೈಟಿಗಳಲ್ಲಿ ಕಾರು ನಿಲ್ಲುವ ಜಾಗಕ್ಕೂ ಮನೆಯ ಮೀಟರಿಗೂ ನಡುವೆ ಬಹಳ ದೂರವಿರುತ್ತದೆ. ಎಷ್ಟೋ ಕಡೆ ನಿಲ್ಲುವ ಜಾಗವೇ ಖಾಯಂ ಅಲ್ಲ, ಸರದಿಯ ಮೇಲೆ ಸಿಕ್ಕುವಂಥದು. ಬೆಂಕಿಯ ಭಯದಿಂದ ಸಮಿತಿಯವರು ಒಪ್ಪಿಗೆ ಕೊಡಲು ಹಿಂಜರಿಯುವುದೂ ಉಂಟು. ಈ ವಿಷಯದಲ್ಲಿ ಕಾನೂನು ಕೊಳ್ಳುವವರ ಕಡೆಗೇ ಇದೆ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ವಿದ್ಯುತ್ ಬಳಕೆದಾರರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ವಾಹನವನ್ನು ಚಾರ್ಜು ಮಾಡುವುದಕ್ಕೆಂದೇ ಪ್ರತ್ಯೇಕ ಸಂಪರ್ಕವನ್ನು ಕೇಳಿ ಪಡೆಯಬಹುದು. ಮಹಾನಗರಗಳಲ್ಲಿ ಹೊಸ ಸಂಪರ್ಕಕ್ಕೆ ಮೂರು ದಿನಗಳ ಅವಧಿಯನ್ನು ಗೊತ್ತುಮಾಡಲಾಗಿದೆ. ಹಾಗೆಂದು ನಿಯಮದ ಪುಸ್ತಕ ಹಿಡಿದು ನೆರೆಯವರೊಡನೆ ವ್ಯಾಜ್ಯಕ್ಕಿಳಿಯುವುದಕ್ಕಿಂತ, ಮೀಟರಿನಿಂದ ಬೇರೆಯೇ ಆದ ದಪ್ಪ ತಂತಿ, ಅದಕ್ಕೆ ತಕ್ಕ ಎಂ.ಸಿ.ಬಿ., ಸರಿಯಾದ ಅರ್ಥಿಂಗ್, ಇವೆಲ್ಲವನ್ನೂ ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರನಿಂದ ಮಾಡಿಸುವುದಾಗಿ ಬರೆದುಕೊಟ್ಟರೆ ಸಮಿತಿಯವರ ಮನಸ್ಸು ಬೇಗ ಕರಗುತ್ತದೆ. ಮೂರನೆಯ ಮಹಡಿಯಿಂದ ಎಕ್ಸ್‌ಟೆನ್ಷನ್ ತಂತಿ ಇಳಿಬಿಟ್ಟು ಚಾರ್ಜು ಮಾಡುವುದು ಮಾತ್ರ ನಿಜವಾಗಿಯೂ ಅಪಾಯದ ಕೆಲಸ. ಈ ಒಪ್ಪಿಗೆ ಬರಹದಲ್ಲಿ ಕೈಸೇರುವವರೆಗೆ ಕಾರಿಗೆ ಮುಂಗಡ ಹಣ ಕೊಡದಿರುವುದು ಜಾಣತನ.

ಅನಂತರದ ಪ್ರಶ್ನೆ ತಿಂಗಳಿಗೆ ಕಾರು ಎಷ್ಟು ಓಡುತ್ತದೆ ಎಂಬುದು. ಯೂನಿಟ್ಟಿಗೆ ಹತ್ತು ರೂಪಾಯಿಯೆಂದು ಹಿಡಿದರೆ, ಚಾರ್ಜು ಮಾಡುವಾಗಿನ ನಷ್ಟವೂ ಸೇರಿ, ಮನೆಯ ವಿದ್ಯುತ್ತಿನಿಂದ ಓಡುವ ಖರ್ಚು ಕಿ.ಮೀ.ಗೆ ಸುಮಾರು ಒಂದೂವರೆ ರೂಪಾಯಿ. ಪೆಟ್ರೋಲನ್ನು ಲೀಟರಿಗೆ ನೂರು ರೂಪಾಯಿಯ ಮೇಲೆಂದೂ ಓಟವನ್ನು ಲೀಟರಿಗೆ ಹದಿನೈದು ಕಿ.ಮೀ. ಎಂದೂ ಹಿಡಿದರೆ ಖರ್ಚು ಏಳು ರೂಪಾಯಿ. ಉಳಿತಾಯ ಐದೂವರೆ. ತಿಂಗಳಿಗೆ 1,500 ಕಿ.ಮೀ. ಓಡಿಸುವವನಿಗೆ ವರ್ಷಕ್ಕೆ ಒಂದು ಲಕ್ಷದ ಹತ್ತಿರ ಉಳಿಯುತ್ತದೆ. ಬೆಲೆಯಲ್ಲಿ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೂ ಮೂರು ವರ್ಷಗಳಲ್ಲಿ ಅದು ತೀರುತ್ತದೆ. ಲೋಕಲ್ ರೈಲನ್ನು ನಂಬಿ ತಿಂಗಳಿಗೆ 500 ಕಿ.ಮೀ. ಮಾತ್ರ ಓಡಿಸುವವನಿಗೆ ಅದೇ ಮೂರು ಲಕ್ಷ ತೀರಲು ಒಂಬತ್ತು ವರ್ಷ ಬೇಕು. ಅಂಥವನು ವಿದ್ಯುತ್ ಕಾರನ್ನು ಕೊಳ್ಳಬಾರದೆಂದಲ್ಲ. ಹೊಗೆಯಿಲ್ಲದ, ಗೇರ್ ಬದಲಾಯಿಸುವ ಶ್ರಮವಿಲ್ಲದ, ಸದ್ದು ಕಡಿಮೆಯಾದ ಸವಾರಿಗಾಗಿ ಕೊಳ್ಳಬಹುದು. ಉಳಿತಾಯವಾಗುತ್ತದೆಂಬ ಭ್ರಮೆಯಿಂದ ಕೊಳ್ಳಬಾರದು.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಹೊಸ ಪದ್ಧತಿಯನ್ನೂ ಇದೇ ಲೆಕ್ಕದಲ್ಲಿ ತೂಗಬೇಕು. 2024ರ ಸೆಪ್ಟೆಂಬರಿನಲ್ಲಿ ಎಂ.ಜಿ. ವಿಂಡ್ಸರ್ ಮಾರುಕಟ್ಟೆಗೆ ಬಂದಾಗ ಬ್ಯಾಟರಿಸಹಿತ ಆರಂಭದ ಬೆಲೆ ಹದಿಮೂರೂವರೆ ಲಕ್ಷ. ಬ್ಯಾಟರಿಯಿಲ್ಲದೆ ಹತ್ತು ಲಕ್ಷಕ್ಕೆ ಒಂದು ಸಾವಿರ ಕಡಿಮೆ. ಆದರೆ ಆಗ ಬ್ಯಾಟರಿಗೆ ಕಿ.ಮೀ.ಗೆ ಮೂರೂವರೆ ರೂಪಾಯಿ ಬಾಡಿಗೆ. ವಿದ್ಯುತ್ತಿನ ಒಂದೂವರೆ ಸೇರಿದರೆ ಐದು ರೂಪಾಯಿಯಾಯಿತು. ಪೆಟ್ರೋಲಿನ ಏಳಕ್ಕೆ ಅದು ಬಹಳ ದೂರವೇನೂ ಇಲ್ಲ. ಓಡಲಿ ಬಿಡಲಿ, ತಿಂಗಳಿಗೆ ಇಷ್ಟು ಕಿ.ಮೀ. ಬಾಡಿಗೆ ಕೊಡಲೇಬೇಕೆಂಬ ಷರತ್ತು ಕರಾರಿನಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು.

ಊರಿನ ಪ್ರಯಾಣಕ್ಕೆ ಬರಬಹುದು. ಮುಂಬಯಿಯಿಂದ ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮೂಲಕ ಹುಬ್ಬಳ್ಳಿಗೆ ಸುಮಾರು 570 ಕಿ.ಮೀ. 2024ರ ಜನವರಿಯಲ್ಲಿ ಬಂದ ಟಾಟಾ ಪಂಚ್ ಕಾರಿನ ಚಿಕ್ಕ ಬ್ಯಾಟರಿ 25 ಯೂನಿಟ್ಟಿನದು. ಪೂರ್ಣ ತುಂಬಿ ಹೊರಟು, ಶೇಕಡ 15 ಉಳಿಸಿಕೊಂಡರೆ ಮೊದಲ ಓಟ ಸುಮಾರು 125 ಕಿ.ಮೀ.; ಆ ಮೇಲೆ 80ರವರೆಗೆ ತುಂಬಿಸಿಕೊಂಡ ಪ್ರತಿ ಓಟವೂ ನೂರು ಕಿ.ಮೀ.ಗಿಂತ ಕಡಿಮೆ. ಅಂದರೆ ದಾರಿಯಲ್ಲಿ ಐದು ನಿಲುಗಡೆ. 45 ಯೂನಿಟ್ಟಿನ ಕಾರಾದರೆ ಮೊದಲ ಓಟ 230, ಅನಂತರ 175ರಂತೆ. ಎರಡು ನಿಲುಗಡೆಯಲ್ಲಿ ಹುಬ್ಬಳ್ಳಿ ಮುಟ್ಟಬಹುದು, ಆದರೆ ಸ್ವಲ್ಪ ಬಿಗಿಯಾಗಿ. 2025ರ ಜನವರಿಯಲ್ಲಿ ಬಂದ ಹ್ಯುಂಡೈ ಕ್ರೆಟಾದ ದೊಡ್ಡ ಬ್ಯಾಟರಿ 51.4 ಯೂನಿಟ್, ಅಲ್ಲಿಯೂ ನಿಲುಗಡೆ ಎರಡೇ, ಆದರೆ ಕೈಯಲ್ಲಿ ಒಂದಷ್ಟು ಮಿಗುತ್ತದೆ. ಆ ಮಿಗತೆ ಬೇಕಾಗುವುದು ಖಂಡಾಲಾ ಮತ್ತು ಖಂಬಾಟ್ಕಿ ಘಟ್ಟಗಳ ಏರಿನಲ್ಲಿ, ಹಾಗೂ ತಲುಪಿದ ಕಡೆಯ ಚಾರ್ಜರು ಕೆಟ್ಟಿದ್ದಾಗ. ದಾರಿಯ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಸುಪಾಸು ತೆರಬೇಕಾಗುವುದರಿಂದ ಹೆದ್ದಾರಿಯಲ್ಲಿ ಉಳಿತಾಯವೂ ಅರ್ಧಕ್ಕಿಳಿಯುತ್ತದೆ. ವರ್ಷಕ್ಕೊಮ್ಮೆ ಮಾತ್ರ ಊರಿಗೆ ಹೋಗುವವನು ದೊಡ್ಡ ಬ್ಯಾಟರಿಗೆಂದು ಲಕ್ಷಗಟ್ಟಲೆ ಹೆಚ್ಚು ಕೊಡುವ ಬದಲು ಚಿಕ್ಕ ಕಾರನ್ನು ಕೊಂಡು, ಊರಿಗೆ ರೈಲಿನಲ್ಲಿ ಹೋದರೆ ನಷ್ಟವೇನಿಲ್ಲ.

ಉದ್ದದ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಪೆಟ್ರೋಲ್ ಕಾರುಗಳಲ್ಲಿ ನಾಲ್ಕು ಮೀಟರಿನ ಗೆರೆಗೆ ತೆರಿಗೆಯ ಕಾರಣದಿಂದ ಮಹತ್ವ ಬಂದಿದೆ. ವಿದ್ಯುತ್ ಕಾರಿಗೆ 2019ರ ಆಗಸ್ಟಿನಿಂದ ಉದ್ದವೆಷ್ಟೇ ಇದ್ದರೂ ಜಿ.ಎಸ್.ಟಿ. ಶೇಕಡ 5 ಮಾತ್ರ. ಆದುದರಿಂದ 3.86 ಮೀಟರಿನ ಪಂಚ್ ಕಾರಿಗೂ 4.34 ಮೀಟರಿನ ಕ್ರೆಟಾಕ್ಕೂ ಇರುವ ಅರ್ಧ ಮೀಟರಿನ ಅಂತರ ಸೊಸೈಟಿಯ ಕಂಬಗಳ ನಡುವೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಳೆಯುವ ಪಟ್ಟಿ ಹಿಡಿದು ನೋಡಿದರೆ ಸಾಕು.

ಬ್ಯಾಟರಿಗಳಲ್ಲಿ ಎರಡು ಜಾತಿ. ನೆಕ್ಸಾನ್, ಪಂಚ್, ವಿಂಡ್ಸರ್‌ಗಳಲ್ಲಿರುವುದು ಎಲ್.ಎಫ್.ಪಿ. ಎಂಬ ಲಿಥಿಯಂ, ಕಬ್ಬಿಣ, ಫಾಸ್ಫೇಟುಗಳ ಜಾತಿ. ಇದು ತೂಕದಲ್ಲಿ ತುಸು ಹೆಚ್ಚು, ಆದರೆ ಕಾವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ನಿಕ್ಕಲ್, ಕೋಬಾಲ್ಟ್ ಇರುವ ಇನ್ನೊಂದು ಜಾತಿ ಹಗುರ. ಅದನ್ನು ನಿತ್ಯವೂ ಪೂರ್ಣ ತುಂಬಿಸದೆ 80ರ ಒಳಗೆ ಇಡುವುದು ಆಯುಸ್ಸಿಗೆ ಒಳ್ಳೆಯದು. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ಖಾತರಿ ಇರುತ್ತದೆ. ಬ್ಯಾಟರಿ ನೀರು ಹೊಗದಂತೆ ಮುಚ್ಚಿದ್ದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವಷ್ಟು ಭದ್ರವೆಂದು ಪರೀಕ್ಷಿಸಿದ್ದೇ ಆದರೂ, ಜುಲೈ ತಿಂಗಳ ಮಳೆಗೆ ಕೆಳಮಾಳಿಗೆಯಲ್ಲಿ ಮುಳುಗಿದ ಕಾರನ್ನು ತಜ್ಞರು ನೋಡುವ ಮೊದಲು ಚಾರ್ಜಿಗೆ ಹಾಕಕೂಡದು.

ನಿವೃತ್ತಿಯ ನಂತರ ಊರಿಗೆ ಮರಳುವ ಯೋಚನೆಯಿದ್ದವರು ಇನ್ನೊಂದನ್ನು ಗಮನಿಸತಕ್ಕದ್ದು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಮಹಾರಾಷ್ಟ್ರದಲ್ಲಿ ದೊರೆತ ತೆರಿಗೆಯ ರಿಯಾಯಿತಿ ಕರ್ನಾಟಕದಲ್ಲಿಯೂ ಹಾಗೆಯೇ ನಡೆಯುವುದೆಂಬ ಖಾತರಿಯಿಲ್ಲ.

ಕೊನೆಯದಾಗಿ ಹಿರಿಯರ ಸುಖ. ಪೆಟ್ರೋಲ್ ಕಾರಿನ ಮೈಯಲ್ಲೇ ಬ್ಯಾಟರಿಯನ್ನು ನೆಲದಡಿ ಕೂರಿಸಿದಾಗ ಹಿಂದಿನ ಸೀಟಿನವರ ಕಾಲಡಿಯ ನೆಲ ಮೇಲೇರಿ, ಮೊಣಕಾಲುಗಳು ಎತ್ತರಕ್ಕೆ ಬಂದು, ತೊಡೆಗೆ ಆಸರೆ ತಪ್ಪುತ್ತದೆ. ಸಂಧಿವಾತವಿರುವವರಿಗೆ ನೂರು ಕಿ.ಮೀ. ಕಳೆಯುವುದರೊಳಗೆ ಇದರ ನೋವು ತಿಳಿಯುತ್ತದೆ. ಎರಡನೆಯದು, ಚಾಲಕ ಪೆಡಲಿನಿಂದ ಕಾಲು ತೆಗೆದೊಡನೆ ಮೋಟಾರು ವಿದ್ಯುತ್ತನ್ನು ಹಿಂದಕ್ಕೆ ಬ್ಯಾಟರಿಗೆ ತುಂಬುತ್ತ ಕಾರನ್ನು ತಡೆಯುತ್ತದೆ. ಈ ತಡೆಯ ಪ್ರಮಾಣ ಹೆಚ್ಚಾಗಿಟ್ಟರೆ ಮಕ್ಕಳಿಗೂ ಮುದುಕರಿಗೂ ಹೊಟ್ಟೆ ತೊಳಸುವುದು ಸಾಮಾನ್ಯ. ಅದನ್ನು ತಗ್ಗಿಸುವ ಗುಂಡಿ ಇದೆಯೇ ಎಂದು ಕೇಳಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರ ಆತಂಕಕ್ಕೆ ಸಮಾಧಾನವುಂಟು: 2023ರಲ್ಲಿ ಜರ್ಮನಿಯ ಮ್ಯೂನಿಕ್ ವೈದ್ಯರು ಇಂಥ 130 ರೋಗಿಗಳನ್ನು ಅತಿವೇಗದ ಚಾರ್ಜರುಗಳ ಬಳಿ ಪರೀಕ್ಷಿಸಿದಾಗ ಸಾಧನಗಳಿಗೆ ಯಾವ ಅಡಚಣೆಯೂ ಕಂಡುಬರಲಿಲ್ಲ. ಆದರೂ ಚಾರ್ಜಾಗುತ್ತಿರುವ ಕೇಬಲ್ಲಿನ ಪಕ್ಕದಲ್ಲಿ ಬಹಳ ಹೊತ್ತು ನಿಲ್ಲದಿರುವುದು ಒಳ್ಳೆಯದು. ಪರೀಕ್ಷಾರ್ಥದ ಸವಾರಿಗೆ ಮಗನೊಬ್ಬನೇ ಹೋಗಿ ಮುಂದಿನ ಸೀಟಿನಲ್ಲಿ ಕುಳಿತು ಬಂದರೆ ಇವಾವುವೂ ತಿಳಿಯುವುದಿಲ್ಲ. ಅಮ್ಮನನ್ನು ಕರೆದೊಯ್ದು, ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂರಿಸಿ, ಹತ್ತಿ ಇಳಿಯುವುದು ಸುಲಭವಾಯಿತೇ ಎಂದು ಆಕೆಯನ್ನೇ ಕೇಳಬೇಕು.