ಕಬ್ಬಿಣಕ್ಕಿಂತ ಕಿಟ್ಟವೇ ಹೊಳೆಯುವುದೇಕೆ?

ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು ಆಗಿನ ಕಚ್ಚಾವಸ್ತುಗಳು. ಇಂಥ ಊದು ಕುಲುಮೆಯಿಂದ ದ್ರವ ಕಬ್ಬಿಣವೂ ಅದರ ಮೇಲೆ ತೇಲುವ ಕಿಟ್ಟವೂ ಹೊರಬರುತ್ತವೆ. ಎರಡೂ ಒಂದೇ ಉಷ್ಣತೆಯಲ್ಲಿದ್ದರೂ ಕಿಟ್ಟವೇ ಹೆಚ್ಚು ಉಜ್ವಲವಾಗಿ ಕಾಣುತ್ತದೆ. ಕಣ್ಣನ್ನು ನಂಬಿದರೆ ಕಿಟ್ಟವೇ ಹೆಚ್ಚು ಬಿಸಿ ಎಂದುಬಿಡುತ್ತೀರಿ!

ಇದಕ್ಕೆ ಉತ್ತರ ಜರ್ಮನಿಯ ಗುಸ್ತಾವ್ ಕಿರ್ಕಾಫ್ 1859ರಲ್ಲಿ ಮಂಡಿಸಿದ ನಿಯಮದಲ್ಲಿದೆ. ಒಂದು ನಿರ್ದಿಷ್ಟ ಉಷ್ಣತೆ ಮತ್ತು ತರಂಗದೂರದಲ್ಲಿ, ಚೆನ್ನಾಗಿ ಹೀರುವ ವಸ್ತುವೇ ಚೆನ್ನಾಗಿ ಉತ್ಸರ್ಜಿಸುತ್ತದೆ. ತನ್ನ ಮೇಲೆ ಬಿದ್ದುದನ್ನೆಲ್ಲ ಹೀರುವ ಆದರ್ಶ ವಸ್ತು ಕೃಷ್ಣಕಾಯ. ಅದು 100 ಪಾಲು ಉತ್ಸರ್ಜಿಸುವಲ್ಲಿ 40 ಪಾಲು ಮಾತ್ರ ಉತ್ಸರ್ಜಿಸುವ ವಸ್ತುವಿನ ಉತ್ಸರ್ಜಕತೆ 0.4. ಲೋಹದಲ್ಲಿರುವ ಮುಕ್ತ ಎಲೆಕ್ಟ್ರಾನುಗಳು ಬೆಳಕನ್ನು ಬಹುಪಾಲು ಪ್ರತಿಫಲಿಸುತ್ತವೆ. ಹೀರುವುದು ಕಡಿಮೆ, ಆದ್ದರಿಂದ ಹೊರಸೂಸುವುದೂ ಕಡಿಮೆ. ಕಿಟ್ಟವಾದರೋ ಸಿಲಿಕೇಟು, ಆಕ್ಸೈಡುಗಳ ಮಿಶ್ರಣ. ಅದರ ಉತ್ಸರ್ಜಕತೆ ಹೆಚ್ಚು.

ಕುಲುಮೆಯ ಕೆಲಸದಲ್ಲಿ ಇದು ಬರೀ ಕುತೂಹಲದ ಸಂಗತಿಯಲ್ಲ. ಹೊಳಪಿನಿಂದ ಉಷ್ಣತೆ ಅಳೆಯುವ ಪೈರೋಮೀಟರನ್ನು ಕೃಷ್ಣಕಾಯಕ್ಕೆ ಹೊಂದಿಸಿರುತ್ತಾರೆ. 1400 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ದ್ರವ ಕಬ್ಬಿಣವನ್ನು ಕೆಂಪು ಬೆಳಕಿನಲ್ಲಿ ನೋಡಿದರೆ, ಉತ್ಸರ್ಜಕತೆ 0.4 ಎಂದಿಟ್ಟುಕೊಂಡಾಗ, ಅದು ಸುಮಾರು 1290 ಡಿಗ್ರಿ ತೋರಿಸುತ್ತದೆ. ತಿದ್ದುಪಡಿ ಮಾಡದಿದ್ದರೆ 110 ಡಿಗ್ರಿಗಳಷ್ಟು ತಪ್ಪು! ನಡುವೆ ಕಿಟ್ಟದ ತುಣುಕು ತೇಲಿಬಂದರೆ ಅಂಕಿ ಥಟ್ಟನೆ ಏರುತ್ತದೆ.

ತರಗತಿಯಲ್ಲಿ ಮಾಡಿ ನೋಡಲು ಒಂದೇ ಅಳತೆಯ ಮೂರು ಹೊಳೆಯುವ ತಗಡಿನ ಡಬ್ಬಿಗಳು ಸಾಕು. ಒಂದಕ್ಕೆ ದೀಪದ ಮಸಿ ಹಿಡಿಸಿ, ಇನ್ನೊಂದಕ್ಕೆ ಬಿಳಿ ಬಣ್ಣ ಬಳಿಯಿರಿ. ಮೂರನೆಯದು ಹಾಗೆಯೇ ಇರಲಿ. ಸಮನಾಗಿ ಬಿಸಿನೀರು ತುಂಬಿ ಮುಚ್ಚಿ, ಐದೈದು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. ಮಸಿಯ ಡಬ್ಬಿ ಬೇಗ ಆರುತ್ತದೆ, ಹೊಳೆಯುವುದು ನಿಧಾನವಾಗಿ. ಬಿಳಿಯದು? ಬಹುತೇಕ ಮಸಿಯ ಡಬ್ಬಿಯಷ್ಟೇ ಬೇಗ! ಬಿಳಿ ಬಣ್ಣ ಉಷ್ಣವನ್ನು ಕಡಿಮೆ ಸೂಸುತ್ತದೆ ಎಂದು ಕಲಿಸುವವರು ಈ ಪ್ರಯೋಗವನ್ನು ಮೊದಲು ಮಾಡಿ ನೋಡುವುದು ಒಳ್ಳೆಯದು. ಬಿಸಿನೀರಿನ ಡಬ್ಬಿ ಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಆ ತರಂಗದೂರಗಳಲ್ಲಿ ಬಿಳಿ ಬಣ್ಣವೂ ಹೆಚ್ಚುಕಡಿಮೆ ‘ಕಪ್ಪೇ’.

ಶಿವಮೊಗ್ಗದ ಏಪ್ರಿಲ್ ಬಿಸಿಲಿನಲ್ಲಿ ಶೀಟು ಹೊದಿಸಿದ ಕೊಠಡಿಯಲ್ಲಿ ಪಾಠ ಮಾಡುವವರಿಗೆ ಇದರಿಂದ ಲಾಭವಿದೆ. ಸುಣ್ಣ ಬಳಿದ ಸೂರು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಹೀರಿದ ಅಲ್ಪ ಉಷ್ಣವನ್ನು ಅವಕೆಂಪು ಕಿರಣವಾಗಿ ಧಾರಾಳವಾಗಿ ಸೂಸುತ್ತದೆ. ಹೊಳೆಯುವ ಬರೀ ಲೋಹದ ಶೀಟು ಬಿಸಿಲನ್ನು ಪ್ರತಿಫಲಿಸಿದರೂ, ಹೀರಿಕೊಂಡದ್ದನ್ನು ಸುಲಭವಾಗಿ ಬಿಟ್ಟುಕೊಡದೆ ಹೆಚ್ಚು ಕಾಯುತ್ತದೆ. ಆದರೆ ಮಲೆನಾಡಿನ ಮಳೆಗೆ ಸುಣ್ಣ ತೊಳೆದುಹೋಗಿ ಪಾಚಿ ಕಟ್ಟುತ್ತದೆ. ಪ್ರತಿ ವರ್ಷ ಫೆಬ್ರುವರಿಯೊಳಗೆ ಮತ್ತೊಮ್ಮೆ ಬಳಿಯಬೇಕು.