ಮನೆಯಲ್ಲಿ ಮೂರು ಸೈಕಲ್, ಮೊಣಕಾಲಿನಲ್ಲಿ ನೋವು

ಕಳೆದ ಚಳಿಗಾಲದಲ್ಲಿ ವಿಜಯಪುರದ ದಂಪತಿಗಳು ಚಿಕಿತ್ಸಾಲಯಕ್ಕೆ ಬಂದರು. ಪತಿಗೆ 48 ವರ್ಷ. ನಿತ್ಯ ಬೆಳಗಿನ ಜಾವ 30-40 ಕಿಲೋಮೀಟರ್ ಸೈಕಲ್ ತುಳಿಯುವ ಅಭ್ಯಾಸ. ಮೂರು ತಿಂಗಳಿನಿಂದ ಬಲ ಮೊಣಕಾಲಿನ ಚಿಪ್ಪಿನ ಸುತ್ತ ನೋವು. ನಾನು ನಾಡಿ ನೋಡಿ ಮುಗಿಸುವ ಮೊದಲೇ ಪತ್ನಿ ಮಾತು ತೆಗೆದರು: “ಮನಿಯಾಗ ಮೂರು ಸೈಕಲ್ ಅದಾವ್ರಿ ಡಾಕ್ಟರ್ರ. ನಾಕನೇದು ತಂದ್ರ ಕಾಲ್ನೋವು ಹೋಗ್ತೈತಿ ಅಂತಾರ ಇವ್ರು. ಎಂಬತ್ತು ಸಾವಿರ ರೂಪಾಯಿ! ಮಗಳ ಕಾಲೇಜಿನ ಫೀ ತುಂಬೂದೈತಿ. ನೀವರ ಹೇಳ್ರಿ.”

ಸೈಕಲ್ ಪ್ರಿಯರಲ್ಲಿ ಒಂದು ವಿನೋದದ ಲೆಕ್ಕವಿದೆ. ಈಗ ಎಷ್ಟು ಸೈಕಲ್ಲುಗಳಿವೆಯೋ ಅದಕ್ಕೆ ಒಂದನ್ನು ಕೂಡಿಸಿದರೆ ಬೇಕಾದ ಸಂಖ್ಯೆ ಸಿಗುತ್ತದೆಯಂತೆ. ಈ ಲೆಕ್ಕ ಎಂದಿಗೂ ಮುಗಿಯುವುದಿಲ್ಲ. ಅದಕ್ಕೊಂದು ಉಪಸೂತ್ರವೂ ಉಂಟು: ಹೆಂಡತಿ ಮನೆ ಬಿಟ್ಟು ಹೋಗುವ ಸಂಖ್ಯೆಗಿಂತ ಒಂದು ಕಡಿಮೆ ಇದ್ದರೆ ಸಾಕು. ಎದುರಿಗೆ ಕುಳಿತಿದ್ದ ಆ ತಾಯಿಯ ಮುಖ ನೋಡಿದಾಗ ನನಗೆ ಇದು ವಿನೋದವೆನಿಸಲಿಲ್ಲ.

ಮೂರೂ ಸೈಕಲ್ಲುಗಳನ್ನು ಮರುದಿನ ತರಲು ಹೇಳಿದೆ. ರೋಗಿಯ ಜೊತೆಗೆ ಸೈಕಲ್ಲಿನ ಪರೀಕ್ಷೆಯೂ ಆಗಬೇಕೆಂದಾಗ ಅವರು ನಕ್ಕರು. ಟೇಪು ಹಿಡಿದು ಅಳೆದಾಗ ವಿಷಯ ಬೆಳಕಿಗೆ ಬಂತು. ಕೆಳಗಿಳಿದ ಪೆಡಲಿನಿಂದ ಸೀಟಿನವರೆಗಿನ ಅಳತೆ ಮೂರರಲ್ಲೂ ಬೇರೆ ಬೇರೆ. ಎಲ್ಲಕ್ಕಿಂತ ಎತ್ತರದ್ದಕ್ಕೂ ತಗ್ಗಿನದಕ್ಕೂ ಮೂರು ಸೆಂಟಿಮೀಟರ್ ಅಂತರ. ಸೋಮವಾರ ಒಂದು, ಮಂಗಳವಾರ ಇನ್ನೊಂದು ಎಂಬಂತೆ ಅವರು ಸರದಿಯಲ್ಲಿ ಏರುತ್ತಿದ್ದರು.

ಮೂರು ಸೆಂಟಿಮೀಟರ್ ಅಲ್ಪವೆಂದು ತೋರಬಹುದು. ನಿಮಿಷಕ್ಕೆ 80 ಸುತ್ತು ತುಳಿದರೆ ಒಂದು ಗಂಟೆಯಲ್ಲಿ ಪ್ರತಿ ಮೊಣಕಾಲು 4,800 ಸಲ ಮಡಚಿ ಬಿಚ್ಚುತ್ತದೆ. ಸೀಟು ತಗ್ಗಾಗಿದ್ದರೆ ಮೊಣಕಾಲು ಅತಿಯಾಗಿ ಮಡಚಿ, ಚಿಪ್ಪು ತೊಡೆಯ ಮೂಳೆಗೆ ಒತ್ತಿ, ಮುಂಭಾಗದಲ್ಲಿ ನೋವು ಹುಟ್ಟುತ್ತದೆ. ಅತಿ ಎತ್ತರವಾದರೆ ನೋವು ಮೊಣಕಾಲಿನ ಹಿಂದಕ್ಕೆ ಬರುತ್ತದೆ, ಸೊಂಟವೂ ಅತ್ತಿತ್ತ ಓಲಾಡುತ್ತದೆ. ಹ್ಯಾಂಡಲ್ ದೂರವಾಗಿ ಮೈಭಾರವೆಲ್ಲ ಅಂಗೈಗೆ ಬಿದ್ದರೆ ಕಿರುಬೆರಳು, ಉಂಗುರ ಬೆರಳುಗಳಲ್ಲಿ ಜೋಮು ಹಿಡಿಯುತ್ತದೆ. ಇವರಿಗೆ ಅದೂ ಇತ್ತು, ಕೇಳುವವರೆಗೆ ಹೇಳಿರಲಿಲ್ಲ. ಆಯುರ್ವೇದದ ಸಾತ್ಮ್ಯ ಎಂಬ ಮಾತು, ಅಂದರೆ ದೇಹಕ್ಕೆ ಒಗ್ಗಿದ್ದು, ಆಹಾರಕ್ಕಷ್ಟೇ ಸೀಮಿತವೆಂದು ಹಲವರು ತಿಳಿದಿದ್ದಾರೆ. ಸಂಧಿಗಳಿಗೂ ಅದು ಬೇಕು. ದಿನಕ್ಕೊಂದು ಭಂಗಿಯಲ್ಲಿ ಸಾವಿರಾರು ಸಲ ದುಡಿಸಿದರೆ ಸಂಧಿಯಲ್ಲಿ ವಾತ ಕೆರಳದೆ ಇರುವುದಿಲ್ಲ.

ಬೆಲೆಬಾಳುವ ಹಗುರ ಸೈಕಲ್ ತಂದರೆ ದೇಹ ತಾನಾಗಿಯೇ ಒಗ್ಗೀತೆಂಬುದು ಅವರ ನಂಬಿಕೆಯಾಗಿತ್ತು. ಸೈಕಲ್ ಕ್ರೀಡೆಯ ಇತಿಹಾಸದಲ್ಲಿಯೇ ಇದಕ್ಕೆ ಉತ್ತರವಿದೆ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ 1993ರ ಜುಲೈಯಲ್ಲಿ ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಯ ದಾಖಲೆಗೆ ಯತ್ನಿಸಿದಾಗ, ತನ್ನ ಸೈಕಲ್ಲಿನ ಮಾದರಿಯಲ್ಲೇ ಹೊಸದಾಗಿ ಕಟ್ಟಿದ ಸೈಕಲ್ಲನ್ನು ಏರಿ ವಿಫಲನಾದ. ಮರುದಿನ ಬೆಳಿಗ್ಗೆ, ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಹಾಕಿ ತಾನೇ ಕಟ್ಟಿಕೊಂಡಿದ್ದ ಹಳೆಯ ಸೈಕಲ್ಲನ್ನೇ ಏರಿ 51.596 ಕಿಲೋಮೀಟರ್ ಕ್ರಮಿಸಿ ದಾಖಲೆ ಮಾಡಿದ.

ಹಾಗೆಂದು ಎಲ್ಲರಿಗೂ ಒಂದೇ ಸಾಕೆಂದು ನಾನು ಹೇಳಲಾರೆ. ವಿಜಯಪುರ, ಬಾಗಲಕೋಟೆ ಸೀಮೆ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲ. ರಸ್ತೆಯ ಸ್ಪರ್ಧೆಗೂ ಟ್ರ್ಯಾಕಿನ ಸ್ಪರ್ಧೆಗೂ ಇಳಿಯುವ ಹುಡುಗನಿಗೆ ಎರಡು ಬೇಕೇ ಬೇಕು. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕೂ ಇಲ್ಲ, ಫ್ರೀ ವೀಲೂ ಇಲ್ಲ. ಗಾಲಿ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ಅದನ್ನು ರಸ್ತೆಗೆ ಒಯ್ಯುವುದು ಅಪಾಯ. ಅಂತೆಯೇ ಮಳೆಗಾಲದಲ್ಲಿ ಹೊಲದ ದಾರಿ ಹಿಡಿಯುವವರಿಗೆ ಸಣ್ಣ ಟೈರಿನ ಸೈಕಲ್ ಉಪಯೋಗವಿಲ್ಲ. ನಮ್ಮ ಎರೆಮಣ್ಣು ಗಾಲಿಗೂ ಬ್ರೇಕಿಗೂ ನಡುವೆ ಮೆತ್ತಿಕೊಂಡರೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತೇ ಬರಬೇಕು! ಬರಿಯ ಆರೋಗ್ಯಕ್ಕಾಗಿ ಡಾಂಬರು ರಸ್ತೆಯಲ್ಲಿ ತುಳಿಯುವವರಿಗೆ ಅಳತೆಗೆ ಸರಿಹೊಂದುವ ಒಂದು ಸೈಕಲ್ ಸಾಕೆಂಬುದು ನನ್ನ ಅಭಿಪ್ರಾಯ.

ನಿತ್ಯದ ಕಾಯಕಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯ ಶರಣರನ್ನು ಲಕ್ಕಮ್ಮ ತಾಯಿ ಮರಳಿ ಕಳಿಸಿದ ಪ್ರಸಂಗ ಭಕ್ತರಿಗೆ ಹೊಸತಲ್ಲ. ಅಂದು ಆ ದಂಪತಿಗಳೊಡನೆ ಅದರ ಮಾತೂ ಬಂತು. ನಾನು ಪ್ರಸ್ತಾಪಿಸಿದ್ದಲ್ಲ, ಪತ್ನಿಯೇ ನೆನಪಿಸಿದರು. ಪತಿ ತಲೆ ತಗ್ಗಿಸಿ ಕುಳಿತರು. ಅವರ ಹೊಲ ಊರಿನಿಂದ ಎಂಟು ಕಿಲೋಮೀಟರ್ ದೂರ, ರವಿವಾರ ಸೈಕಲ್ಲಿನ ಮೇಲೆಯೇ ಹೋಗುತ್ತಾರೆ. ಆದ್ದರಿಂದ ರಸ್ತೆಗೊಂದು, ಹೊಲಕ್ಕೊಂದು, ಒಟ್ಟು ಎರಡು ಎಂದು ತೀರ್ಮಾನಿಸಿದೆವು.

ಎರಡರ ಸೀಟನ್ನೂ ಒಂದೇ ಅಳತೆಗೆ ತಂದೆವು. ಇದನ್ನು ಯಾರಾದರೂ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಗೋಡೆಗೆ ಆತು ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಕೆಳಗಿಳಿದ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ, ಅಷ್ಟೇ ಬೇಕಾದದ್ದು.

ಮೂರು ವಾರ ಏರು ರಸ್ತೆಯನ್ನೂ ಭಾರದ ಗೇರನ್ನೂ ಬಿಡಿಸಿದೆ. ರಾತ್ರಿ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಬಳಿಕ ಬಿಸಿನೀರಿನ ಬಟ್ಟೆಯ ಶಾಖ. ವ್ಯಾಯಾಮಕ್ಕೆ ನಮ್ಮ ಶಾಸ್ತ್ರ ಹೇಳುವ ಮಿತಿ ಅರ್ಧಶಕ್ತಿ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆದು ಬಾಯಿಂದ ಉಸಿರಾಡುವಂತಾದರೆ ಅಲ್ಲಿಗೆ ಸಾಕು. ಅದೂ ಚಳಿಗಾಲ ಮತ್ತು ವಸಂತದಲ್ಲಿ ಮಾತ್ರ. ನಮ್ಮ ಭಾಗದ ಬಿರುಬೇಸಿಗೆಯಲ್ಲಿ ಇನ್ನೂ ಕಡಿಮೆ. ಮೊಣಕಾಲು ಊದಿಕೊಂಡು ಬಿಸಿಯಾಗಿದ್ದರೆ, ಅಥವಾ ನಡುವೆಯೇ ಸಿಕ್ಕಿಕೊಂಡಂತಾದರೆ, ಎಣ್ಣೆ ಹಚ್ಚುತ್ತ ಕೂಡದೆ ವೈದ್ಯರ ಬಳಿ ಹೋಗಬೇಕು.

ಆರು ವಾರಗಳಲ್ಲಿ ಅವರ ನೋವು ಇಳಿಯಿತು. ಮಗಳ ಫೀ ತುಂಬಿದ್ದಾಗಿದೆ. ಮೂರನೆಯ ಸೈಕಲ್ ಅಂಗಳದಲ್ಲಿ ಧೂಳು ತಿನ್ನುತ್ತಿತ್ತು. ನಿತ್ಯ ನಾಲ್ಕು ಕಿಲೋಮೀಟರ್ ನಡೆದು ಶಾಲೆಗೆ ಹೋಗುತ್ತಿದ್ದ ನೆರೆಮನೆಯ ಹತ್ತನೆಯ ತರಗತಿಯ ಹುಡುಗನಿಗೆ ಅದನ್ನು ಕೊಟ್ಟರು. ಸೀಟು ಹೊಂದಿಸಲು ಅವನನ್ನೂ ನನ್ನಲ್ಲಿಗೆ ಕರೆತಂದಿದ್ದರು. ಹುಡುಗ ಇನ್ನೂ ಬೆಳೆಯುವವನು. ಮೂರು ತಿಂಗಳಿಗೊಮ್ಮೆ ಅಳತೆ ನೋಡಿ ಸೀಟು ಏರಿಸಬೇಕೆಂದು ಹೇಳಿ ಕಳಿಸಿದ್ದೇನೆ.